ಬಾವಿಯ ಉಸಿರಿಗೆ ಬಿಟ್ಟ ಕೊಳವೆ

ಸುಳ್ಳು ಕಟ್ಟಿ ಬರೆಯುವಷ್ಟು ಅಕ್ಷರ ನನಗೆ ಬರುವುದಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನಡೆದದ್ದನ್ನು ನಡೆದ ಹಾಗೆ ಇಡುವಷ್ಟು ಬರುತ್ತದೆ, ಅಷ್ಟೇ. ನಂಬದವರು ಬಂದು ನನ್ನ ಎಡಗಾಲಿನ ಅಂಗಾಲು ನೋಡಿ. ಬಳೆಯಷ್ಟು ದುಂಡನೆಯ ಗುರುತು ಇವತ್ತಿಗೂ ಇದೆ.

ನಿಮಗೆ ಹೆದರಿಕೆ ಆದರೆ ಆಗಲಿ. ನನಗೆ ಹೆದರಿಕೆಗಿಂತ ಸಿಟ್ಟೇ ಜಾಸ್ತಿ. ಅವತ್ತೂ ಇತ್ತು, ಈಗಲೂ ಆರಿಲ್ಲ.

ಹೊಸೂರು ರಸ್ತೆಗೆ ಮೇಲ್ಸೇತುವೆ ಬಂದು ನಾಲ್ಕೈದು ವರ್ಷವಾಗಿತ್ತು. ನಾನು ಚಂದಾಪುರದಲ್ಲಿ ಬಾಡಿಗೆಗಿದ್ದೆ. ಬಟ್ಟೆ ಹೊಲಿಯುವ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಗುಡಿಸಿ ತೊಳೆಯುವ ಕೆಲಸ. ಅಲ್ಲಿ ನನಗೆ ಇಬ್ಬರು ಗೆಳತಿಯರು. ಅನ್ನ ಬಡಿಸುವ ಗೌರಮ್ಮ ನನ್ನದೇ ವಯಸ್ಸು, ದಪ್ಪ ಮೈ, ಎರಡು ಮಂಡಿಯೂ ಹೋಗಿದ್ದವು. ತರಕಾರಿ ಹೆಚ್ಚುವ ಸರೋಜ ನಮಗಿಂತ ಚಿಕ್ಕವಳು, ಬಾಯಿ ಮಾತ್ರ ಚಿಕ್ಕದಲ್ಲ.

ಗೌರಮ್ಮ ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ಆಯುಧ ಪೂಜೆಗೆ ಫ್ಯಾಕ್ಟರಿ ಮೂರು ದಿನ ರಜೆ. ಮಂಗಳೂರಿಗೆ ಹೋಗಿ ನೀರಿನಲ್ಲಿ ಕಾಲಿಟ್ಟು ಬರೋಣ ಎಂದು ಮೂವರೂ ಮಾತಾಡಿಕೊಂಡೆವು. ಚಕ್ಕುಲಿ, ಪುಳಿಯೋಗರೆ ಕಟ್ಟಿಕೊಂಡು ಸಿಂಗಸಂದ್ರದ ಹಿಂದಿರುವ ಗೌರಮ್ಮನ ಮನೆ ಸೇರಿದೆವು. ಅಲ್ಲಿಂದ ರಾತ್ರಿ ಬಸ್ಸು ಹಿಡಿಯುವುದು.

ಮಧ್ಯಾಹ್ನ ಹಿಡಿದ ಮಳೆ ಬಿಡಲಿಲ್ಲ. ಗಾಳಿಗೆ ಎದುರು ಮನೆಯ ಶೀಟು ಹಾರಿ ವಿದ್ಯುತ್ ತಂತಿಯ ಮೇಲೆ ಬಿತ್ತು. ಕರೆಂಟು ಹೋಯಿತು. ಆಟೋದವನು ಫೋನಿನಲ್ಲೇ ಕೈ ಮುಗಿದ. ಪೂಜೆಗೆ ಒಡೆದ ಬೂದುಗುಂಬಳದ ಚೂರುಗಳು ಕುಂಕುಮದ ನೀರಿನಲ್ಲಿ ತೇಲುತ್ತಾ ಗೇಟಿನ ತನಕ ಬಂದವು.

"ನಾಳೆ ಓಗಣ ಬುಡಿ, ಸಮುದ್ರ ಎಲ್ಲಿಗೂ ಓಡೋಗಕ್ಕಿಲ್ಲ," ಅಂದಳು ಗೌರಮ್ಮ. ಮುಖ ಮಾತ್ರ ಸಣ್ಣದಾಗಿತ್ತು.

ಆ ಮನೆಯ ವಿಷಯ ಹೇಳಬೇಕು. ಗೌರಮ್ಮನ ಗಂಡನ ಕಡೆಯವರು ಆ ಊರಿನ ಹಳಬರು, ರಾಗಿ ಬೆಳೆದವರು. ಗಂಡ ತೀರಿಕೊಂಡ ಮೇಲೆ ಯಜಮಾನಿಕೆ ಮೈದುನ ರಾಮಾಂಜಿಯ ಕೈಗೆ ಹೋಯಿತು. ಅವನು ತಗ್ಗಿನಲ್ಲಿದ್ದ ಹಳೇ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಿದ. ಮೇಲೆಲ್ಲ ಹುಡುಗರ ಪೀಜಿ, ಅದಕ್ಕೆ ಹೊರಗಿನಿಂದ ಬೇರೆ ಮೆಟ್ಟಿಲು. ಕೆಳಗೆ ಮುಂದುಗಡೆ ಅವನ ಸಾಮಾನಿನ ಗೋಡೌನು. ಹಿಂದುಗಡೆಯ ಒಂದೇ ಒಂದು ರೂಮು ಅತ್ತಿಗೆಗೆ. ತಾನು ಮಾತ್ರ ದಿಬ್ಬದ ಮೇಲೆ, ಮೇನ್ ರೋಡಿನ ಹತ್ತಿರ ಬೇರೆ ಮನೆ ಕಟ್ಟಿಕೊಂಡ.

ಗೋಡೌನಿಗೂ ಗೌರಮ್ಮನ ರೂಮಿಗೂ ಒಂದೇ ಕಬ್ಬಿಣದ ಗೇಟು. ರಾತ್ರಿ ಹತ್ತಾದರೆ ರಾಮಾಂಜಿ ಬಂದು ಹೊರಗಿನಿಂದ ಬೀಗ ಹಾಕಿ, ಕೀ ತೆಗೆದುಕೊಂಡು ಹೋಗುತ್ತಿದ್ದ. ಅವನ ಸಾಮಾನು ಕಳುವಾಗಬಾರದಲ್ಲ. ಒಳಗಿರುವ ಮನುಷ್ಯರ ಗತಿ?

"ದನದ ಕೊಟ್ಟಿಗೆಗೆ ಆಕ್ದಂಗೆ ನಿಂಗೆ ಬೀಗ ಆಕ್ತಾನಲ್ಲೇ," ಅಂದೆ ನಾನು.

"ಅಭ್ಯಾಸ ಆಗೋಗೈತೆ ಕಣಕ್ಕ," ಅಂದಳು.

ಅವತ್ತೂ ಹಾಕಿದ. ಕೊಡೆ ಹಿಡಿದುಕೊಂಡು ಬಂದು, ನಮ್ಮ ಮುಖ ಕೂಡ ನೋಡದೆ, ಟಕ್ ಅಂತ ಹಾಕಿಕೊಂಡು ಹೋದ. ಪೀಜಿ ಹುಡುಗರು ರಜೆಗೆ ಊರಿಗೆ ಹೋಗಿದ್ದರು. ಇಡೀ ಕಟ್ಟಡದಲ್ಲಿ ನಾವು ಮೂವರೇ.

ಗೌರಮ್ಮ ಮಂಚದ ಮೇಲೆ. ನಾನು, ಸರೋಜ ನೆಲದಲ್ಲಿ ಚಾಪೆ. ದೀಪ ಆರಿಸಿದೆವು.

ಎಷ್ಟು ಹೊತ್ತಾಯಿತೋ... ಗೊರಕೆಗೆ ನನಗೆ ಎಚ್ಚರವಾಯಿತು. ಗೊರಕೆ ಅಂದರೆ ಗೊರಕೆಯಲ್ಲ. ಉದ್ದನೆಯ ಉಸಿರು. ಒಳಗೆ ಎಳೆದುಕೊಳ್ಳುವಾಗ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ... ಹೊರಗೆ ಬಿಡುವಾಗ ಗೊರಗೊರ... ಉಬ್ಬಸ ಇದ್ದವರು ಮಲಗಿದ್ದಾರೆ ಅನ್ನಬೇಕು, ಹಾಗೆ.

"ಗೌರಮ್ಮ, ಮಗ್ಗುಲಾಗೇ," ಅಂದೆ.

"ನಾನು ಎದ್ದೇ ಇವ್ನಿ ಕಣಕ್ಕ," ಅಂದಳು ಮೆಲ್ಲಗೆ.

"ಸರೋಜ?"

"ನಾನಲ್ಲಕ್ಕ... ಆವಾಗಿಂದ ನಾನೂ ಕೇಳ್ತಾ ಇವ್ನಿ." ಅವಳ ಕೈ ಬಂದು ನನ್ನ ಸೆರಗು ಹಿಡಿಯಿತು.

"ಮೂರು ಜನನೂ ಉಸ್ರು ಕಟ್ಟಿ," ಅಂದೆ.

ಕಟ್ಟಿದೆವು.

ಅದು ನಿಲ್ಲಲಿಲ್ಲ. ರೂಮಿನ ಮೂಲೆಯಿಂದ, ಅಕ್ಕಿ ಡ್ರಮ್ಮಿನ ಕೆಳಗಿನಿಂದ ಬರುತ್ತಿತ್ತು. ಜೊತೆಗೆ ವಾಸನೆ... ಚರಂಡಿ ವಾಸನೆ ಅಲ್ಲ. ಪಾಚಿ, ನೆನೆದ ತೆಂಗಿನ ನಾರಿನ ಹಗ್ಗ, ತಣ್ಣನೆ ಕಲ್ಲು. ಸಣ್ಣವಳಿದ್ದಾಗ ಬಾವಿಗೆ ಬಗ್ಗಿದರೆ ಮುಖಕ್ಕೆ ಹೊಡೆಯುತ್ತಿತ್ತಲ್ಲ, ಆ ವಾಸನೆ.

ಬೆಂಕಿಕಡ್ಡಿ ಗೀರಿ ಮೇಣದಬತ್ತಿ ಹಚ್ಚಿದೆ. ಗೌರಮ್ಮ ಗೋಡೆ ಕಡೆ ಮುಖ ಮಾಡಿದ್ದಳು. ಅವಳಿಗೆ ಗೊತ್ತು ಅಂತ ನನಗೆ ಆಗಲೇ ಗೊತ್ತಾಯಿತು.

"ಏನೇ ಅದು? ಬಾಯಿ ಬುಡು."

"ಇಲ್ಲಿ ಬಾವಿ ಇತ್ತಕ್ಕ. ಈ ರೂಮಿನ ಅಡಿಗೇ. ಕಲ್ಲು, ಇಟ್ಟಿಗೆ ತುಂಬಿ ಮುಚ್ಚುದ್ರು."

ಬಾವಿ ಮುಚ್ಚುವಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ತಳದಿಂದ ಒಂದು ಕೊಳವೆ ನಿಲ್ಲಿಸಿ ಅದರ ಬಾಯಿಯನ್ನು ಗಾಳಿಗೆ ಬಿಡಬೇಕು. ಗಂಗಮ್ಮನಿಗೆ ಉಸಿರು ಕಟ್ಟಬಾರದು ಅಂತ. ಗೌರಮ್ಮನ ಅತ್ತೆ ಪಿಳ್ಳಮ್ಮ ಹಟ ಹಿಡಿದು ಆ ಕೊಳವೆ ಬಿಡಿಸಿದ್ದಳಂತೆ. ಈ ಮೂಲೆಯಲ್ಲಿ ನೆಲದಿಂದ ಎದ್ದು, ಗೋಡೆ ತೂರಿ, ಹೊರಗೆ ಹೋಗುತ್ತಿತ್ತಂತೆ.

"ಎಲ್ಲಿ ಅದು?"

"ರಾಮಾಂಜಿ ಓದ ವರ್ಷ ಕುಯ್ದಾಕ್ದ. ಜಾಗ ತಿಂತದೆ ಅಂತ. ಕಾಂಕ್ರೀಟ್ ತುಂಬಿ ಮೇಲೆ ಟೈಲ್ಸ್ ಆಕ್ಸ್‌ದ. ಅತ್ತೆ ಅವನ ಕಾಲು ಇಡ್ಕಂಡ್ರು, ಬ್ಯಾಡ ಕಣೋ ಅಂತ. ಮೂರು ತಿಂಗ್ಳಿಗೆ ಅವ್ರಿಗೆ ಉಬ್ಬಸ ಸುರುವಾಯ್ತು. ಇದೇ ಮಂಚದ ಮ್ಯಾಲೇ..." ಅಂಗೈಯಲ್ಲಿ ಹಾಸಿಗೆ ಸವರಿದಳು.

ನನಗೆ ಮೈ ಜುಮ್ಮೆನ್ನಲಿಲ್ಲ. ಮೈ ಉರಿಯಿತು. ಇದ್ದ ಒಬ್ಬ ಮುದುಕಿ ಕೇಳಿದ್ದು ಒಂದು ಕೊಳವೆ. ಅದೂ ಇವನಿಗೆ ಜಾಗ ತಿಂದಿತ್ತು.

ಆಗಲೇ ಸರೋಜ ಕಿರುಚಿದಳು. ಚಾಪೆ ತೇಲುತ್ತಿತ್ತು.

ಬಾಗಿಲ ಸಂದಿಯಿಂದ ನೀರು ಬರುತ್ತಿತ್ತು. ಕಪ್ಪು ನೀರು, ಮೇಲೆ ನೊರೆ. ಕಟ್ಟಿಕೊಂಡಿದ್ದ ಬುತ್ತಿಯ ಗಂಟು ನಮ್ಮ ಕಣ್ಣೆದುರೇ ತೇಲಿ ಹೋಯಿತು. ಬಾಗಿಲು ತೆಗೆದು ಗೇಟಿಗೆ ಓಡಿದೆವು. ಹೊರಗೆ ರಸ್ತೆ ಇರಲಿಲ್ಲ, ಬರೀ ನೀರು. ಗೇಟು ಹಿಡಿದು ಅಲ್ಲಾಡಿಸಿದೆವು, ಕೂಗಿದೆವು. ಮಳೆಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಲಿಲ್ಲ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು.

ಗೌರಮ್ಮ ಮೈದುನನಿಗೆ ಫೋನು ಹಚ್ಚಿದಳು. ಎತ್ತಿದ. ಅವನ ದನಿ ನಮಗೂ ಕೇಳುತ್ತಿತ್ತು.

"ಅತ್ತಿಗೆ, ಮಳೆ ಎಲ್ಲಾ ಕಡೆನೂ ಐತೆ. ಬಾಗ್ಲಿಗೆ ಗೋಣಿಚೀಲ ಒತ್ತಿ ಮನೀಕಳಿ. ಬೆಳಗ್ಗೆ ಬತ್ತೀನಿ."

"ಬೀಗನಾದ್ರೂ ತೆಗೆದು ಓಗೋ ರಾಮಾಂಜಿ, ನೀರು ಮಂಡಿಗೆ ಬತ್ತಾ ಐತೆ..."

"ಈ ಮಳೇಲಿ ಯಾರ್ ಬತ್ತಾರೆ? ಏನಾಗಲ್ಲ, ಗಾಬ್ರಿ ಮಾಡ್ಕಬೇಡಿ."

ನಾನು ಫೋನು ಕಿತ್ತುಕೊಂಡೆ. "ಲೋ, ಮೂರು ಎಂಗಸ್ರು ಒಳಗವ್ರೆ ಕಣೋ! ನಿನ್ನ ಮನೆ ಆಳಾಗ, ಬಂದು ಬೀಗ ತೆಗಿಯೋ!"

"ಯಾರಮ್ಮ ನೀನು?" ಅಂದ. ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಗೋಡೆಯಲ್ಲಿ ಎತ್ತರಕ್ಕೆ ಪಾತ್ರೆ ಇಡುವ ಅಟ್ಟ ಇತ್ತು. ಡಬ್ಬಗಳನ್ನು ಕೆಳಗೆ ತಳ್ಳಿ ಸರೋಜಳನ್ನು ಹತ್ತಿಸಿದೆ. ನಾನೂ ಹೇಗಾದರೂ ಹತ್ತಬಲ್ಲೆ. ಗೌರಮ್ಮ? ಕ್ಯಾಂಟೀನಿನ ಎರಡು ಮೆಟ್ಟಿಲು ಹತ್ತಲು ನನ್ನ ಹೆಗಲು ಬೇಕಾದವಳು. ಇಬ್ಬರೂ ಸೇರಿ ಎಳೆದೆವು, ತಳ್ಳಿದೆವು. ಅವಳ ಕಾಲು ಏಳಲೇ ಇಲ್ಲ.

ಮತ್ತೆ ಮಂಚದ ಮೇಲೆ ಕೂತಳು. ನೀರು ಹಾಸಿಗೆ ಮುಟ್ಟುತ್ತಿತ್ತು.

"ನೀವು ಅತ್ಕಳಿ ಕಣಕ್ಕ," ಅಂದಳು. ಆಮೇಲೆ ನಕ್ಕಳು, ಆ ಹೊತ್ತಿನಲ್ಲಿ! "ಸಮುದ್ರ ನೋಡ್ಬೇಕು ಅಂದ್ನಲ್ಲ. ಮನೆಗೇ ಬಂದೈತೆ ನೋಡು."

"ಮುಚ್ಚೇ ಬಾಯಿ," ಅಂದೆ.

ನೀರು ಏರಿದ ಹಾಗೆ ಮೂಲೆಯ ಉಸಿರು ಬದಲಾಗಿತ್ತು. ಮೊದಲು ಉದ್ದ ಇದ್ದದ್ದು ಈಗ ಗಿಡ್ಡ... ಗಿಡ್ಡ... ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. ಅಕ್ಕಿ ಡ್ರಮ್ಮು ಅಲುಗಾಡುತ್ತಿತ್ತು. ಕೆಳಗಿನಿಂದ ಯಾರೋ ಅಂಗೈಯಲ್ಲಿ ತಟ್ಟಿದ ಹಾಗೆ.

ಗೌರಮ್ಮ ಮೂಲೆಯನ್ನೇ ನೋಡುತ್ತಿದ್ದಳು. "ಅಕ್ಕ... ಅತ್ತೆಗೆ ಕಟ್ತಾ ಐತೆ ಕಣೆ. ಕೊನೇ ರಾತ್ರಿ ಇಂಗೇ ಕಟ್ಟಿದ್ದು. ಬುಡ್ಸೇ ಅದನ್ನ... ಬುಡ್ಸೇ!"

ಅವಳ ಅತ್ತೆಯೋ, ಗಂಗಮ್ಮನೋ, ನೀರಿನ ಒತ್ತಡವೋ, ನನಗೆ ಬೇಕಿರಲಿಲ್ಲ. ನನಗೆ ಏನನ್ನಾದರೂ ಒಡೆಯಬೇಕಿತ್ತು. ರಾಮಾಂಜಿಯ ತಲೆ ಕೈಗೆ ಸಿಕ್ಕಿರಲಿಲ್ಲ, ಅವನ ಟೈಲ್ಸ್ ಸಿಕ್ಕಿತು.

ಡ್ರಮ್ಮು ಉರುಳಿಸಿದೆ. ಅಕ್ಕಿಯೆಲ್ಲ ನೀರುಪಾಲು. ರುಬ್ಬುವ ಗುಂಡುಕಲ್ಲನ್ನು ಎದೆಯ ತನಕ ಎತ್ತಿ ಬಿಟ್ಟೆ. ಬಗ್ಗಿ, ನೀರಿನಲ್ಲಿ ತಡಕಿ, ಎತ್ತಿ, ಮತ್ತೆ ಬಿಟ್ಟೆ. ಒಂದೊಂದು ಸಲಕ್ಕೂ ಅವನಿಗೊಂದು ಬೈಗುಳ. ಅವನ್ನು ಇಲ್ಲಿ ಬರೆಯುವುದಿಲ್ಲ.

ಏಳನೆಯದೋ ಎಂಟನೆಯದೋ ಏಟಿಗೆ ಕೆಳಗೆ ಏನೋ ಬಿಟ್ಟಿತು.

ಎಲ್ಲ ಸದ್ದೂ ನಿಂತಿತು. ಉಸಿರೂ ನಿಂತಿತು. ಮಳೆಯೂ ನಿಂತ ಹಾಗೆ ಕಿವಿ ಗುಂಯ್ ಅಂದಿತು...

ಆಮೇಲೆ... ಮುಳುಗಿದವರು ನೀರಿನಿಂದ ತಲೆ ಎತ್ತಿದಾಗ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಒಂದೇ ಉಸಿರು. ಉದ್ದ. ಎಷ್ಟು ಉದ್ದ ಅಂದರೆ ಮೇಣದಬತ್ತಿಯ ಉರಿ ಆ ಮೂಲೆಗೆ ಬಾಗಿ ಆರಿತು.

ನನ್ನ ಎಡಗಾಲು ಆ ತೂತಿಗೆ ಅಂಟಿಕೊಂಡಿತು. ಎಳೆದರೂ ಬರಲಿಲ್ಲ. ನೀರು ಐಸಿನ ಹಾಗಿತ್ತು. ಅಂಗಾಲಿನ ಕೆಳಗೆ ಮಾತ್ರ... ಬೆಚ್ಚಗೆ ಇತ್ತು. ಮೆತ್ತಗೆ ಇತ್ತು. ಬಾಯಿ ಇಟ್ಟ ಹಾಗೆ.

ಕಿರುಚಿ ಕಾಲು ಕಿತ್ತುಕೊಂಡು ಮಂಚದ ಮೇಲೆ ಬಿದ್ದೆ. ಗೌರಮ್ಮ ನನ್ನನ್ನು ತಬ್ಬಿಕೊಂಡಳು. ಕತ್ತಲಲ್ಲಿ ಗುಟುಕು ಗುಟುಕಾಗಿ ಕುಡಿಯುವ ಸದ್ದು. ಮಂಚದ ಪಕ್ಕಕ್ಕೆ ಕೈ ಬಿಟ್ಟು ನೋಡುತ್ತಿದ್ದೆ. ನೀರು ಬೆರಳಿಗಿತ್ತು... ಆಮೇಲೆ ಬೆರಳಿಗೆ ಸಿಗಲಿಲ್ಲ... ಮಂಚದ ಕಾಲಿಗೆ ಇಳಿಯಿತು... ಬೆಳಗಿನ ಜಾವಕ್ಕೆ ಸರೋಜ ಅಟ್ಟದಿಂದ ಕಾಲು ಇಳಿಬಿಟ್ಟಾಗ ಅವಳ ಪಾದಕ್ಕೆ ಸಿಕ್ಕಿದ್ದು ಒದ್ದೆ ನೆಲ.

ಬೆಳಗಾದ ಮೇಲೆ ರಾಮಾಂಜಿ ಪ್ಯಾಂಟು ಮಡಚಿಕೊಂಡು ಬಂದ. ರಸ್ತೆಯಲ್ಲಿ ಇನ್ನೂ ಮಂಡಿ ನೀರಿತ್ತು. ಬೀಗ ತೆಗೆದ. ಒಳಗೆ ಬಂದ. ಮೂರು ಹೆಂಗಸರು ಬದುಕಿದ್ದೀರಾ ಎಂದು ಕೇಳಲಿಲ್ಲ.

"ಟೈಲ್ಸ್ ಯಾರು ಒಡ್ದಿದ್ದು?" ಅಂದ.

ಹೊಡೆದೆ. ಕೆನ್ನೆಗೆ, ಕೈ ತುಂಬ. ಅವನ ಕೈಯಲ್ಲಿದ್ದ ಬೀಗ, ಕೀ ಎರಡನ್ನೂ ಕಿತ್ತುಕೊಂಡು ಗೇಟಿನಾಚೆ ನೀರಿಗೆ ಎಸೆದೆ. ಅವನು ಏನೋ ಅನ್ನಲು ಬಾಯಿ ತೆಗೆದವನು ಗೋಡೆ ಕಡೆ ತಿರುಗಿದ. ಗೇಟಿನ ಹೊರಗಿನ ಗೋಡೆಯಲ್ಲಿ ಕೆಸರಿನ ಗೆರೆ ಅವನ ಎದೆಯ ಮಟ್ಟಕ್ಕಿತ್ತು. ನಮ್ಮ ರೂಮಿನೊಳಗೆ ಆ ಗೆರೆ ಮಂಚದ ಮಟ್ಟಕ್ಕೇ ನಿಂತಿತ್ತು. ನಡುವೆ ಇದ್ದದ್ದು ಒಂದು ಮರದ ಬಾಗಿಲು. ಅದೂ ರಾತ್ರಿಯೆಲ್ಲ ತೆರೆದೇ ಇತ್ತು.

"ಆ ಕೊಳವೇಲಿ ಓಯ್ತು," ಅಂದಳು ಸರೋಜ.

"ಓಗಕ್ಕೆ ಸಾಧ್ಯನೇ ಇಲ್ಲ," ಅಂದ ರಾಮಾಂಜಿ. "ನಾನೇ ನಿಂತು ತುಂಬಿಸಿದ್ದು."

ಗೋಡೌನಿನಿಂದ ಕಬ್ಬಿಣದ ಸರಳು ತಂದು ತೂತಿಗೆ ಇಳಿಸಿದ. ಮೊಳದುದ್ದ ಹೋಯಿತು. ಟಣ್ ಅಂದಿತು. ಸುತ್ತ ಕುಟ್ಟಿದ, ಎಲ್ಲ ಕಡೆ ಟಣ್. ಟಾರ್ಚು ಬಿಟ್ಟು ನಾವೂ ಬಗ್ಗಿ ನೋಡಿದೆವು. ಒಳಗೆ ಗಟ್ಟಿ ಕಾಂಕ್ರೀಟು. ಬಿರುಕಿಲ್ಲ. ಸರಳಿನ ತುದಿಗೆ ಅಂಟಿಕೊಂಡು ಬಂದದ್ದು ಒಣ ಪುಡಿ. ಇಡೀ ರಾತ್ರಿ ನೀರು ಕುಡಿದ ಬಾಯಿ, ಒಳಗೆ ಒಣಗಿತ್ತು.

ಅವನ ಮುಖ ಬಿಳಿಚಿಕೊಂಡಿತು. ಆದರೂ ಬುದ್ಧಿ ಬರಲಿಲ್ಲ. ವಾರದೊಳಗೆ ಮೇಸ್ತ್ರಿ ಕರೆಸಿ ಮತ್ತೆ ಮುಚ್ಚಿಸಿದ. ಈ ಸಲ ಎರಡರಷ್ಟು ದಪ್ಪಕ್ಕೆ. ಬೀಗ ಮಾತ್ರ ಅವತ್ತಿನಿಂದ ಹಾಕಿಲ್ಲ.

ಗೌರಮ್ಮನನ್ನು ಚಂದಾಪುರಕ್ಕೆ ಕರೆದುಕೊಂಡು ಬಂದೆ. ಒಂದು ತಿಂಗಳಿದ್ದಳು. ಆಮೇಲೆ ಒಂದು ದಿನ ಬಟ್ಟೆ ಗಂಟು ಕಟ್ಟಿದಳು.

"ಎಲ್ಲಿಗೇ?"

"ಮನೆಗೆ. ಅಲ್ಲಿ ಅತ್ತೆ ಒಬ್ರೇ ಆಗೋಯ್ತಾರೆ," ಅಂದಳು. ನಾನು ಬೈದೆ. ಕೇಳಲಿಲ್ಲ.

ಈಗಲೂ ಅದೇ ರೂಮು, ಅದೇ ಮಂಚ. ಸಮುದ್ರ ನಾವು ಇನ್ನೂ ನೋಡಿಲ್ಲ. ಮಳೆ ಹಿಡಿದ ರಾತ್ರಿಯೆಲ್ಲ ನಾನು ಅವಳಿಗೆ ಫೋನು ಮಾಡುತ್ತೇನೆ.

"ಕೇಳ್ತಾ ಐತಾ?" ಅನ್ನುತ್ತೇನೆ.

"ಇಲ್ಲ ಕಣಕ್ಕ. ಅವತ್ತಿಂದ ಸದ್ದೇ ಇಲ್ಲ," ಅನ್ನುತ್ತಾಳೆ. ನೆಮ್ಮದಿಯಾಗಿದ್ದಾಳೆ, ಪಾಪ.

ನನಗೆ ನೆಮ್ಮದಿ ಇಲ್ಲ. ಆ ಸದ್ದು ಇಲ್ಲದಿರುವುದೇ ನನ್ನನ್ನು ತಿನ್ನುತ್ತಿದೆ. ಅವತ್ತು ರಾತ್ರಿ ಅದು ಒಳಗೆ ಎಳೆದುಕೊಂಡದ್ದನ್ನು ನಾನು ಕಿವಿಯಾರೆ ಕೇಳಿದೆ. ಆ ಉಸಿರಿನ ಹಿಂದೆಯೇ ಒಂದು ರೂಮಿನ ನೀರನ್ನೆಲ್ಲ ಕುಡಿಯಿತು.

ಹೊರಗೆ ಬಿಟ್ಟದ್ದನ್ನು ಇನ್ನೂ ಯಾರೂ ಕೇಳಿಲ್ಲ.