ಪೆಸಾಹ್ ಹಬ್ಬಕ್ಕೆ ಜೋಳದ ಹಿಟ್ಟು

ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಹಲಗೆಯ ಸಂದಿಯಲ್ಲಿ ಕೂತಿದ್ದ ಗೋದಿ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಮರುದಿನ ಸಂಜೆ ನಮ್ಮ ಪೆಸಾಹ್ ಹಬ್ಬ ಶುರು. ನಾವು ಯೆಹೂದಿಗಳು. ನಮ್ಮ ಅತ್ತೆಯವರ ಮಾವ ರೈಲ್ವೆ ಕೆಲಸಕ್ಕೆಂದು ಕೊಂಕಣದ ಕಡೆಯಿಂದ ಬಂದು ಯಾದಗಿರಿಯಲ್ಲೇ ನೆಲೆ ನಿಂತವರು. ಊರಿನಲ್ಲಿ ನಮ್ಮದೊಂದೇ ಮನೆ. ಶನಿವಾರ ಒಲೆ ಹಚ್ಚುವುದಿಲ್ಲವೆಂದು ಓಣಿಯವರು ನಮ್ಮನ್ನು ಶನಿದೇವರ ಒಕ್ಕಲು ಎಂದುಕೊಂಡಿದ್ದರು. ತಿದ್ದಿ ತಿದ್ದಿ ಸಾಕಾಗಿ ಬಿಟ್ಟೆ. ದೇವರಿಗೆ ಗೊತ್ತಿದ್ದರೆ ಆಯಿತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಗಿರಣಿಯಿಂದ ನಮ್ಮ ಜೋಳದ ಹಿಟ್ಟು ತಂದಿಟ್ಟಳು. ತನ್ನ ಜೋಳದ ಜೊತೆ ನಮ್ಮದನ್ನೂ ಒಯ್ದಿದ್ದಳು. ಹಬ್ಬದ ಹಿಟ್ಟು, ಗಿರಣಿ ಸ್ವಚ್ಛ ಮಾಡಿ ಬೀಸಲಿ ಎಂದು ನಾನೇ ಹೇಳಿ ಕಳಿಸಿದ್ದೆ.

"ಗಿರಣಿ ಕಾಕಾ ಭಾಳ ಮಡೀಲೆ ಬೀಸಿ ಕೊಟ್ಟಾರ ಅಕ್ಕಾ," ಎಂದಳು. "ಖಾರಪುಡಿ ವಾಸನಿ ಎಲ್ಲಾ ಹೋಗ್ಲಿ ಅಂತ ಮೊದಲ ತಮ್ಮ ಮನಿ ಗೋದಿ ಹಾಕಿ ಕಲ್ಲು ತೊಳದಂಗ ಮಾಡ್ಯಾರ."

ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಗೋದಿ ತಾಗಿದ ಹಿಟ್ಟು ಈ ಹಬ್ಬಕ್ಕೆ ನಡೆಯುವುದಿಲ್ಲ ಎಂದೆ.

ನಮ್ಮ ಹಿರಿಯರು ಐಗುಪ್ತ, ಅಂದರೆ ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಿದ್ದಾಗ ನಾದಿದ ಹಿಟ್ಟು ಉಬ್ಬುವುದಕ್ಕೂ ಪುರುಸೊತ್ತಿರಲಿಲ್ಲ. ಅದರ ನೆನಪಿಗೆ ಎಂಟು ದಿನ ಉಬ್ಬಿದ ಹಿಟ್ಟಿನ ಒಂದು ಚೂರೂ ಮನೆಯಲ್ಲಿ ಇರಬಾರದು. ಗೋದಿಗೆ ನೀರು ಬಿದ್ದು ಸ್ವಲ್ಪ ಹೊತ್ತು ಕಳೆದರೆ ಅದು ಉಬ್ಬಿದಂತೆಯೇ ಲೆಕ್ಕ. ಜೋಳಕ್ಕೆ ಆ ತಕರಾರಿಲ್ಲ. ಗೋದಿ ಕಾಳು ಸೇರಿದೆಯೇ ಎಂದು ಮೊರದಲ್ಲಿ ಹಾಕಿ ಮತ್ತೆ ಮತ್ತೆ ಆರಿಸಿದರೆ ಸಾಕು, ನಮ್ಮ ಮನೆತನದಲ್ಲಿ ನಡೆದುಬಂದ ಪದ್ಧತಿ ಅದು. ಗಿರಣಿಯವರ ಮನಸ್ಸಿನಲ್ಲಿ ತಪ್ಪಿರಲಿಲ್ಲ. ಈ ಸೀಮೆಯಲ್ಲಿ ಹಬ್ಬ ಎಂದರೆ ಗೋದಿ, ಹೋಳಿಗೆ. ತಮಗೆ ಗೊತ್ತಿದ್ದ ಮೇಲಾದ ಧಾನ್ಯದಿಂದಲೇ ಶುದ್ಧ ಮಾಡಿದ್ದರು.

ಆದರೆ ಆ ಹಿಟ್ಟು ಅತ್ತೆಯವರಿಗೆಂದು ಬೀಸಿಸಿದ್ದು. ಹಿಂದಿನ ತಿಂಗಳಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಸಕ್ಕರೆ ಕಾಯಿಲೆಗೆ ಡಾಕ್ಟರು ಅನ್ನ ಬೇಡವೆಂದಿದ್ದರು. ಹಬ್ಬಕ್ಕೆಂದು ಮುಂಬೈಯಿಂದ ಬರುವ ಹುಳಿಯಿಲ್ಲದ ರೊಟ್ಟಿ ಹಲ್ಲಿಲ್ಲದ ಬಾಯಿಗೆ ಹಂಚಿನ ಚೂರಿದ್ದಂತೆ, ಮೊದಲ ರಾತ್ರಿ ನೆನೆಸಿ ಒಂದು ತುಣುಕು ಬಾಯಿಗಿಟ್ಟರೆ ಹೆಚ್ಚು. ಅರ್ಧ ಜೋಳದ ರೊಟ್ಟಿ ಉಣ್ಣುವ ಮಟ್ಟಕ್ಕೆ ಈಗಷ್ಟೇ ಬಂದಿದ್ದರು.

ಅತ್ತೆ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. "ನನಗ ರೊಟ್ಟಿ ಬ್ಯಾಡ ಬಿಡು. ಎಂಟು ದಿನ ಮಜ್ಜಿಗಿ ಕುಡದು ಇರ್ತೀನಿ," ಎಂದು ಗೋಡೆಯ ಕಡೆ ಹೊರಳಿದರು. ಪಕ್ಕದ ಮನೆಯಾಕೆಯ ಮುಖ ಸಣ್ಣಗಾಯಿತು. ನಾನು ನಿಯಮ ಬಿಡುವವಳಲ್ಲ, ಆದರೆ ಆ ಮಜ್ಜಿಗೆಯ ಮಾತಿಗೆ ಹೆದರಿದೆ.

ಮುಂಬೈಯಲ್ಲಿರುವ ನಮ್ಮ ಪ್ರಾರ್ಥನಾ ಮಂದಿರದ ಹಿರಿಯರಿಗೆ ಫೋನ್ ಮಾಡಿ, ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಅವರು ಮೊದಲು ನಕ್ಕರು. ಗಿರಣಿಯವರ ಗೋದಿಯನ್ನು ದೇವರು ಪುಣ್ಯದ ಬದಿಗೇ ಬರೆದುಕೊಳ್ಳುತ್ತಾನೆ ಎಂದರು. ಆ ಹಿಟ್ಟನ್ನು ಹಬ್ಬಕ್ಕೆ ಮೊದಲೇ ಯಾರಿಗಾದರೂ ಕೊಟ್ಟುಬಿಡಿ, ಗೋದಿ ಮುಟ್ಟದ ಕಲ್ಲು ಸಿಕ್ಕರೆ ಕೈಯಲ್ಲಿ ಬೀಸಿಕೊಳ್ಳಿ ಎಂದರು. ಆಮೇಲೆ ದನಿ ಗಟ್ಟಿ ಮಾಡಿ, ಕಾಯಿಲೆಯವರು ಉಪವಾಸ ಬೀಳಬಾರದು, ನಿಯಮ ಬದುಕುವುದಕ್ಕೆ ಇರುವುದು, ಏನೂ ಆಗದಿದ್ದರೆ ನಾಳೆ ಮತ್ತೆ ಕೇಳಿ, ದಾರಿ ಹುಡುಕೋಣ ಎಂದರು.

"ಅವರಿಗೇನು, ಮುಂಬೈದಾಗ ಕುಂತು ಹೇಳ್ತಾರ," ಎಂದರು ಅತ್ತೆ. ಆದರೆ ಈ ಕಡೆ ಹೊರಳಿದ್ದರು.

"ನನ್ನ ಬೀಸುಕಲ್ಲು ಐತಲ್ಲ ಅಕ್ಕಾ," ಎಂದಳು ಪಕ್ಕದ ಮನೆಯಾಕೆ. "ಸುರಪುರದಿಂದ ನನ್ನ ಕೂಡ ಬಂದಿದ್ದು. ತೊಗರಿ ಬಿಟ್ಟು ಬ್ಯಾರೆ ಕಾಳಿನ ಮಾರಿ ನೋಡಿಲ್ಲ ಅದು."

ತೊಗರಿಗೂ ನಮ್ಮಲ್ಲಿ ಅಡ್ಡಿಯಿಲ್ಲ. ಇಬ್ಬರೂ ಕಲ್ಲನ್ನು ಹೊತ್ತು ತಂದು ಉಜ್ಜಿ ತೊಳೆದು ಅಂಗಳದಲ್ಲಿಟ್ಟೆವು. ಯಾದಗಿರಿಯ ಬಿಸಿಲನ್ನು ನಾನು ಬಯ್ಯದ ದಿನವಿಲ್ಲ. ಅಂದು ಮಾತ್ರ ಕಲ್ಲು ನೋಡನೋಡುತ್ತಲೇ ಒಣಗಿದ್ದಕ್ಕೆ ದೇವರನ್ನು ನೆನೆದೆ. ಆರಿಸಿದ ಜೋಳ ಇನ್ನೂ ಉಳಿದಿದ್ದುದು ಇನ್ನೊಂದು ಉಪಕಾರ.

ತೊಗರಿ ಒಡೆದಷ್ಟು ಸುಲಭವಲ್ಲ ಜೋಳ ಬೀಸುವುದು. ನಾಲ್ಕು ಹಿಡಿ ಮುಗಿಯುವಷ್ಟರಲ್ಲಿ ಇಬ್ಬರ ರಟ್ಟೆಯೂ ಸೋತಿತ್ತು. ಅತ್ತೆ ಹೊರಸಿನಿಂದಲೇ ತಪ್ಪು ಹುಡುಕತೊಡಗಿದರು. ಹಿಡಿ ತುಂಬ ಹಾಕಬಾರದಂತೆ, ನುಚ್ಚಾಗುತ್ತದಂತೆ, ನಮ್ಮ ತಾಯಂದಿರು ನಮಗೆ ಏನೂ ಕಲಿಸಿಲ್ಲವಂತೆ. ಕೊನೆಗೆ ತಾಳಲಾರದೆ ಗೋಡೆ ಹಿಡಿದು ಇಳಿದೇ ಬಂದರು.

"ಸರಿ ಯವ್ವಾ ಅತ್ತಾಗ," ಎಂದು ಪಕ್ಕದ ಮನೆಯಾಕೆಯನ್ನು ಎಬ್ಬಿಸಿ, ನನ್ನೆದುರು ಒಂದು ಕಾಲು ಚಾಚಿ ಕೂತರು. "ನನ್ನ ರೊಟ್ಟಿ ನಾ ಬೀಸ್ಕೋತೀನಿ."

ಚಹಾದ ಬಟ್ಟಲು ಹಿಡಿದರೆ ನಡುಗುತ್ತಿದ್ದ ಕೈ ಗೂಟದ ಮೇಲೆ ನನ್ನ ಕೈಯ ಪಕ್ಕ ಬಂದು ಕೂತಿತು. ತಿರುಗಿಸಿದ್ದು ಕೆಲವೇ ಸುತ್ತು, ಭಾರವೆಲ್ಲ ನನ್ನದೇ. ಆದರೆ ಕಲ್ಲಿನಂಚಿನಿಂದ ಹಿಟ್ಟು ಸಣ್ಣಗೆ ಉದುರತೊಡಗಿತು. ನಾನು ಇನ್ನೊಂದು ಸಣ್ಣ ಹಿಡಿ ಜೋಳ ಹಾಕಿದೆ.

ಗಿರಣಿಯ ಹಿಟ್ಟನ್ನು ಪಕ್ಕದ ಮನೆಯಾಕೆ ಒಯ್ದಳು. ನಿಮ್ಮ ಹಬ್ಬ, ನಮಗೆ ಪುಕ್ಕಟೆ ರೊಟ್ಟಿ ಎಂದು ನಗುತ್ತ ಹೋದಳು. ಗಿರಣಿಯವರಿಗೆ ಹಬ್ಬ ಕಳೆದ ಮೇಲೆ ನಮ್ಮ ಯಜಮಾನರು ಸಮಾಧಾನವಾಗಿ ತಿಳಿಸುವುದೆಂದು ಮಾತಾಯಿತು.

ಹೊಸ ಹಿಟ್ಟನ್ನು ಜರಡಿ ಹಿಡಿದು ತೊಳೆದ ಡಬ್ಬಿಗೆ ತುಂಬುತ್ತಿದ್ದೆ. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಹಂಚು ಕಾಸೀಯೇನ?" ಎಂದು ಕೇಳಿದರು. ಕಾಯಿಸಿರಲಿಲ್ಲ. ವರ್ಷವೆಲ್ಲ ಗೋದಿ ಚಪಾತಿ ಬೇಯಿಸಿದ ಆ ಕಬ್ಬಿಣದ ಹಂಚನ್ನು ಕೆಂಡದಂತೆ ಕೆಂಪಾಗುವವರೆಗೆ ಸುಟ್ಟರೇ ಹಬ್ಬದ ರೊಟ್ಟಿಗೆ ಬರುವುದು. ಹಿತ್ತಲಿಗೆ ಹೋಗಿ ಒಲೆಗೆ ಕಟ್ಟಿಗೆ ತುಂಬಿದೆ.