ಇಂಜೆಕ್ಷನ್‌ಗೆ ಮೊದಲೋ, ಆಮೇಲೋ

ಅವರ ಬಲಗೈ ಹೆಬ್ಬೆರಳು ಸದಾ ನೀಲಿ. ಮೂತ್ರದ ಡಬ್ಬಿಗಳ ಮೇಲೆ ಮಾರ್ಕರ್‌ನಲ್ಲಿ ಸಮಯ ಬರೆಯುವುದು, ತಪ್ಪಾದರೆ ಅದೇ ಬೆರಳಲ್ಲಿ ಉಜ್ಜಿ ಮತ್ತೆ ಬರೆಯುವುದು. ದೆಹಲಿಯ ಆ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವರು ಹಿರಿಯ ಟೆಕ್ನಿಷಿಯನ್, ತುಮಕೂರಿನ ಕಡೆಯವರು. ಆಸ್ಪತ್ರೆಗೆಲ್ಲ ಬಾಬೂಜಿ, ಡಾಕ್ಟರಿಕೆ ಕಲಿಯಲು ಬಂದಿದ್ದ ನನಗೊಬ್ಬಳಿಗೆ ಮಾಮ.

ವಾರ್ಡಿಗೆ ಫೋನ್ ಮಾಡಿ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇಂಜೆಕ್ಷನ್‌ಗೆ ಮೊದಲೋ, ಆಮೇಲೋ?” ನೀರಿಲ್ಲದೆ ಬಳಲಿದ ಕಿಡ್ನಿ ಸೋಡಿಯಂ ಅನ್ನು ಬಿಟ್ಟುಕೊಡುವುದಿಲ್ಲ, ಕೆಟ್ಟ ಕಿಡ್ನಿ ಹಿಡಿದಿಡಲಾರದು. ಮೂತ್ರ ಬರಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಡಬ್ಬಿ ಹಿಡಿದರೆ ಮೂತ್ರದ ಸೋಡಿಯಂ ಅಂಕಿ ಹೇಗೂ ಏರಿರುತ್ತದೆ, ಅದನ್ನು ನಂಬಬಾರದು ಎಂದು ಅವರ ಹಟ. ನಮಗೋ ಕಿರಿಕಿರಿ. ನಿದ್ದೆಗೆಟ್ಟು ವಾರ್ಡು ಸುತ್ತುವವರಿಗೆ ಡಬ್ಬಿಯ ಜಾತಕ ಯಾಕೆ ಬೇಕು? ಎಷ್ಟೋ ಸಲ ಉತ್ತರಿಸದೆ ಫೋನ್ ಕುಕ್ಕಿದ್ದೇನೆ.

ಒಂದು ಜೂನ್‌ನಲ್ಲಿ ಇಂದಿರಾಪುರಂನ ಅಪಾರ್ಟ್‌ಮೆಂಟೊಂದರ ಕಾವಲುಗಾರ ದಾಖಲಾದ. ಬಿಸಿಲಲ್ಲಿ ನಿಂತು, ಮೂರು ದಿನ ವಾಂತಿಯಾಗಿ, ಮೂತ್ರ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಕಾಲಲ್ಲಿ ಒಂದಿಷ್ಟು ಬಾವು ಕಂಡು ನಾನು ಇಂಜೆಕ್ಷನ್ ಕೊಟ್ಟೆ. ಡಬ್ಬಿ ಕಳಿಸಿದ್ದು ಆಮೇಲೆ. ಸಮಯ ಬರೆಯಲಿಲ್ಲ. ಸೋಡಿಯಂ ಎಪ್ಪತ್ತು ಬಂತು. ಕಿಡ್ನಿಯೇ ಕೆಟ್ಟಿದೆ ಎಂದುಕೊಂಡು ಡ್ರಿಪ್ ನಿಲ್ಲಿಸಿ, ಡಯಾಲಿಸಿಸ್‌ನ ಒಪ್ಪಿಗೆ ಪತ್ರವನ್ನು ಅವನ ಹೆಂಡತಿಯ ಮುಂದೆ ಹಿಡಿದೆ. ಆಕೆ ಅಳುತ್ತ ಹೆಬ್ಬೆಟ್ಟು ಚಾಚಿದ್ದಳು.

ಅಷ್ಟರಲ್ಲಿ ಮಾಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಲಿಫ್ಟ್ ಕೆಟ್ಟಿತ್ತು, ಅವರ ಮಂಡಿ ಅದಕ್ಕಿಂತ ಕೆಟ್ಟಿತ್ತು.

“ಫೋನ್ ಎತ್ತಲ್ವಲ್ಲಮ್ಮಾ ನೀನು! ಬೆಳಿಗ್ಗೆ ಎಮರ್ಜೆನ್ಸಿಯಿಂದ ಇವರದ್ದೇ ಇನ್ನೊಂದು ಡಬ್ಬಿ ಬಂದಿತ್ತು. ಇಂಜೆಕ್ಷನ್‌ಗೆ ಮೊದಲಿಂದು. ಫ್ರಿಜ್ಜಲ್ಲಿತ್ತು, ಈಗ ಹಾಕಿ ನೋಡ್ದೆ. ಸೋಡಿಯಂ ಬರೀ ಎಂಟು. ನಾನು ಡಾಕ್ಟರಲ್ಲ. ಆದ್ರೆ ಆ ಕಿಡ್ನಿ ಇದ್ದಬದ್ದ ಉಪ್ಪನ್ನೆಲ್ಲ ಹಿಡ್ಕೊಂಡು ಕೂತಿದೆ, ಪಾಪ. ಅದಕ್ಕೆ ನೀರು ಬೇಕು.”

ಡ್ರಿಪ್ ಮತ್ತೆ ಹಚ್ಚಿದೆ. ಮರುದಿನ ಸಂಜೆಗೆ ಮೂತ್ರದ ಚೀಲ ತುಂಬಿತು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಕೆಳಗೆ ಹೋಗಿ ಕ್ಷಮೆ ಕೇಳಿದರೆ ಥರ್ಮಾಸ್‌ನಿಂದ ಕಾಫಿ ಬಗ್ಗಿಸಿ ಕೊಟ್ಟು, “ಸುಸ್ತಾದಾಗ ಎಲ್ರೂ ತಪ್ಪು ಮಾಡ್ತಾರೆ. ಅದಕ್ಕೇ ಬರೀಬೇಕು” ಎಂದರು, ಅಷ್ಟೇ. ಅವತ್ತಿನಿಂದ ಒಂದು ಡಬ್ಬಿಯನ್ನೂ ನಾನು ಸಮಯ ಬರೆಯದೆ ಕಳಿಸಿಲ್ಲ.

ಹೋದ ಚಳಿಗಾಲ, ನಿವೃತ್ತಿಯಾಗಿ ವರ್ಷವಾಗಿದ್ದ ಮಾಮ ಸ್ವತಃ ನನ್ನ ವಾರ್ಡಿಗೆ ಬಂದರು, ಸೋಂಕು ರಕ್ತಕ್ಕೆ ಏರಿ. ಹೆಬ್ಬೆರಳಿನ ನೀಲಿ ಹೋಗಿತ್ತು. ಎಷ್ಟು ಡ್ರಿಪ್ ಹಾಕಿದರೂ ಮೂತ್ರ ನಾಲ್ಕು ಹನಿಗಿಂತ ಹೆಚ್ಚು ಬರಲೊಲ್ಲದು. ನಾನು ಡಬ್ಬಿ ಎತ್ತಿಕೊಂಡದ್ದನ್ನು ಕಂಡು ಮಲಗಿದಲ್ಲಿಂದಲೇ ಕೇಳಿದರು: “ಮೊದಲೋ, ಆಮೇಲೋ?”

“ಮೊದಲು, ಮಾಮ. ಇಂಜೆಕ್ಷನ್ ಇನ್ನೂ ಮುಟ್ಟಿಲ್ಲ.”

ಸೋಡಿಯಂ ಎಪ್ಪತ್ತೆರಡು. ಈ ಸಲ ಕೆಟ್ಟಿದ್ದು ಕಿಡ್ನಿಯೇ. ಸುಳ್ಳು ಹೇಳೋಣ ಅನಿಸಿತು, ಆದರೆ ಲ್ಯಾಬಿನ ಚೀಟಿಗೆ ಅವರೇ ಕೈ ಚಾಚಿದರು. ಅಂಕಿ ನೋಡಿದರು, ಆಮೇಲೆ ಪಕ್ಕದಲ್ಲಿದ್ದ ಸಮಯ ನೋಡಿದರು.

“ಸರಿಯಾಗಿ ಬರ್ದಿದೀಯ. ಇದನ್ನ ನಂಬಬಹುದು.”

ಎಂಟು ದಿನ ಡಯಾಲಿಸಿಸ್ ನಡೆಯಿತು. ಅವರು ಉಳಿಯಲಿಲ್ಲ.

ಈಗ ನಾನು ಕಿರಿಯರಿಗೆ ಅದೇ ಪ್ರಶ್ನೆ ಕೇಳಿ ಕೇಳಿ ಬೈಸಿಕೊಳ್ಳುತ್ತೇನೆ. ಆದರೆ ಮಾಮನ ಆ ಒಂದು ಡಬ್ಬಿಯ ಮೇಲೆ ಮಾತ್ರ ಸಮಯ ಬರೆಯುವುದನ್ನು ಮರೆತಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.