ಗುಂಡಿನ ಸೊಂಟಕ್ಕೆ ಜೇನುಮೇಣ

ಜೇನುಮೇಣ ಒಮ್ಮೆ ಉಗುರಿನ ಸಂದಿಗೆ ಸೇರಿತೆಂದರೆ ಸಾಬೂನಿಗೂ ಜಗ್ಗದು, ಹೆಂಡತಿಯ ಕೆಂಗಣ್ಣಿಗೂ ಕರಗದು. ಜನ್ಮವೆಲ್ಲ ಪರರ ಮುರಿದ ಕೈಗಳನ್ನು ಜೋಡಿಸಿ ನಿವೃತ್ತನಾದ ಮೂಳೆವೈದ್ಯ ನಾನು. ನನ್ನ ಉಗುರು ಇಷ್ಟು ಕೊಳಕಾದದ್ದು ಅಮೆರಿಕದ ಹ್ಯೂಸ್ಟನ್ ಪಕ್ಕದ ಸೈಪ್ರೆಸ್ ಊರಿನ ನಮ್ಮ ಮನೆಯ ಗರಾಜಿನಲ್ಲಿ ರಿವಾಲ್ವರಿನ ತೋಟಾಗಳನ್ನು ಸ್ವಹಸ್ತದಿಂದ ತಯಾರಿಸುವ ವ್ಯಸನ ಅಂಟಿದ ಮೇಲೆಯೇ. ನನ್ನ ವಯಸ್ಸಿನವರು ಇಲ್ಲಿ ಗಾಲ್ಫ್ ಆಡುತ್ತಾರೆ. ನಾನು ಆಡಿದಾಗ ಚೆಂಡಿಗಿಂತ ಹುಲ್ಲೇ ಹೆಚ್ಚು ದೂರ ಹಾರುತ್ತಿತ್ತು. ಈ ಹೊಸ ವ್ಯಸನದಲ್ಲಿ ನನ್ನ ಬಲಗೈಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಗಾಬರಿಯಾಗಬೇಡಿ, ಇದನ್ನು ಬರೆಯುತ್ತಿರುವುದು ಅದೇ ಕೈ.

ನನಗೆ ಈ ವಿದ್ಯೆಯ ದೀಕ್ಷೆ ಕೊಟ್ಟವರು ಹುಬ್ಬಳ್ಳಿಯ ಹಿರೇಮಠರು, ತೈಲಬಾವಿಗಳ ಇಂಜಿನಿಯರಾಗಿದ್ದವರು. ಸೀಸದ ಗುಂಡಿನ ಸೊಂಟದ ಸುತ್ತ ಒಂದು ಸಣ್ಣ ತೋಡು ಇರುತ್ತದೆ. ಅದಕ್ಕೆ ಮೇಣ ತುಂಬಬೇಕು. ಗುಂಡು ಉಕ್ಕಿನ ನಳಿಗೆಯಲ್ಲಿ ನುಗ್ಗುವಾಗ ಆ ಮೇಣ ಎರಡರ ನಡುವೆ ತೆಳ್ಳಗೆ ಹರಡುತ್ತದೆ, ಇಲ್ಲವಾದರೆ ಮೆದು ಸೀಸ ಸವೆದು ನಳಿಗೆಯ ಒಳಮೈಗೆ ಮೆತ್ತಿಕೊಳ್ಳುತ್ತದೆ. ಮೊದಲ ದಿನ ಐವತ್ತು ಗುಂಡು ಹಾರಿಸಿದ ಮೇಲೆ ಅವರು ರಿವಾಲ್ವರನ್ನು ಖಾಲಿ ಮಾಡಿ, ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಒಂದು ಕಲೆಯೂ ಇರಲಿಲ್ಲ. ಮೊಣಕಾಲಿನ ಕೀಲಿನಲ್ಲಿ ಮೂಳೆಗೆ ಮೂಳೆ ತಾಗದಂತೆ ಕಾಯುವ ದ್ರವದ ಪದರವನ್ನು ಸಾವಿರ ಸಲ ಕಂಡಿದ್ದರೂ ಎಂದೂ ಕೈಮುಗಿಯದವನು ನಾನು. ಯಾವುದೋ ಹುಳು ತನ್ನ ಮರಿಗಳಿಗೆಂದು ಕಟ್ಟಿದ ಗೂಡಿನ ಮೇಣ ಸೀಸಕ್ಕೂ ಉಕ್ಕಿಗೂ ನಡುವೆ ನಿಂತು ಎರಡನ್ನೂ ಕಾಯ್ದದ್ದನ್ನು ನೋಡಿ ಅಂದು ನಿಜಕ್ಕೂ ಕೈಮುಗಿದೆ.

ಬೆರಗು ಹೆಚ್ಚಾದವನಿಗೆ ಬುದ್ಧಿ ಕಡಿಮೆಯಾಗುತ್ತದೆ. ಬರಿಯ ಮೇಣ ಗಡುಸು, ಅದಕ್ಕೆ ಏನಾದರೂ ಜಿಡ್ಡು ಬೆರೆಸಬೇಕು. ಇಲ್ಲಿನ ಹಳಬರು ದನದ ಕೊಬ್ಬು ಬೆರೆಸುತ್ತಾರೆ. ಶಾಕಾಹಾರಿಗಳಾದ ಹಿರೇಮಠರು ಅಳೆದು ಹರಳೆಣ್ಣೆ ಹಾಕುತ್ತಾರೆ. ನಾನೋ, ಗುರುವನ್ನೇ ಮೀರಿಸಹೊರಟ ಶಿಷ್ಯ, ನನ್ನ ಹೆಂಡತಿ ಸುಮಂಗಲಾ ಕಾಯಿಸಿಟ್ಟ ಘಮಘಮಿಸುವ ತುಪ್ಪವನ್ನು ಧಾರಾಳವಾಗಿ ಸುರಿದೆ. ಹಸುವಿನ ಕೊಬ್ಬೆಂದರೆ ಮಾರು ದೂರ ಹಾರುವವನಿಗೆ ಹಸುವಿನ ತುಪ್ಪ ಪರಮಪಾವನ! ಗುರುವಿಗೂ ಹೇಳಲಿಲ್ಲ, ಗೃಹಿಣಿಗೂ ಹೇಳಲಿಲ್ಲ. ಹ್ಯೂಸ್ಟನ್ನಿನ ಆಗಸ್ಟ್ ತಿಂಗಳ ಗರಾಜಿನಲ್ಲಿ ಆ ತುಪ್ಪ ಸದ್ದಿಲ್ಲದೆ ಕರಗಿ, ತೋಟಾದೊಳಗಿನ ಮದ್ದಿಗೆ ಇಳಿದು ಅದನ್ನು ನೆನೆಸಿತು.

ನಾನು ಗುಂಡು ಹಾರಿಸುವಾಗ ಹಿರೇಮಠರು ಗುರಿಯ ಹಲಗೆಯತ್ತ ನೋಡುವುದೇ ಇಲ್ಲ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು ಸದ್ದನ್ನಷ್ಟೇ ಆಲಿಸುತ್ತಾರೆ. ಆ ತುಪ್ಪದ ತೋಟಾಗಳೊಡನೆ ಶೂಟಿಂಗ್ ಮೈದಾನಕ್ಕೆ ಹೋದ ಶನಿವಾರ ಬೆಳಿಗ್ಗೆ ಎರಡು ಗುಂಡು ಸರಿಯಾಗಿ ಹೋದವು. ಮೂರನೆಯದು 'ಟುಸ್' ಎಂದಿತು. ಗುರಿ ತಪ್ಪಿತೆಂದುಕೊಂಡು ನಾಲ್ಕನೆಯದಕ್ಕೆ ಬೆರಳು ಬಿಗಿಯುತ್ತಿದ್ದಂತೆ ನನ್ನ ಮಣಿಕಟ್ಟಿನ ಮೇಲೆ ಅವರ ಕೈ ಬಂತು.

"ತಡೀರಿ ಡಾಕ್ಟರ್. ಬೆರಳ ತಗೀರಿ."

ತೆಗೆದೆ. ಅವರು ನಳಿಗೆಯನ್ನು ಹಲಗೆಯತ್ತಲೇ ಹಿಡಿದಿದ್ದು, ಸ್ವಲ್ಪ ಹೊತ್ತು ಕಾದು, ತೋಟಾಗಳನ್ನೆಲ್ಲ ಹೊರತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದರು. ಈ ಸಲ ಒಳಗೆ ಬೆಳಕಿರಲಿಲ್ಲ.

"ಗುಂಡು ಒಳಗ ಕುಂತದ. ಇದರ ಹಿಂದ ಇನ್ನೊಂದು ಬಿಟ್ಟಿದ್ರ ನಳಿಗಿ ಒಡದು ನಿಮ್ಮ ಕೈ ಹೋಗ್ತಿತ್ರಿ."

ಹಿತ್ತಾಳೆಯ ಸರಳಿನಿಂದ ಮೆಲ್ಲಗೆ ತಟ್ಟಿ ಗುಂಡನ್ನು ಹೊರಗೆ ಬೀಳಿಸಿ, ಮೂಸಿ ನೋಡಿ, ನನ್ನ ಮುಖ ನೋಡಿದರು.

"ಹೋಳಿಗಿಗೆ ಹಚ್ಚೋದನ್ನ ಇದಕ್ಕ ಹಚ್ಚೀರಲ್ರಿ."

ನನಗೆ ನಗು ಬರಲಿಲ್ಲ. ಹಾಗೆ ಹೋದ ಕೈಗಳನ್ನು ನಾನು ಆಪರೇಷನ್ ಟೇಬಲಿನ ಮೇಲೆ ಕಂಡಿದ್ದೇನೆ. ಜೋಡಿಸಲು ಏನೂ ಉಳಿದಿರುವುದಿಲ್ಲ.

ಮನೆಗೆ ಬಂದು ಸುಮಂಗಲೆಗೆ ತುಪ್ಪದ ಕಳ್ಳತನದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ. ಬೈಯುತ್ತಾಳೆಂದುಕೊಂಡರೆ ಅವಳು ನನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಎಡಗೈಲಿ ಊಟ ಮಾಡೋ ಆಸೆ ಆಗಿತ್ತಾ ನಿಮಗೆ?" ಎಂದಳು. ಕೈಯನ್ನು ಮಾತ್ರ ಬಿಡಲಿಲ್ಲ.

ಆಮೇಲೆ ತಟ್ಟೆಗೆ ಬಿಸಿ ಅನ್ನ, ಸಾರು ಬಡಿಸಿ, ನನ್ನ ಮೇಣದ ಉಗುರಿಗೆ ಹೇಸಿ ರೂಢಿಸಿಕೊಂಡ ಅಭ್ಯಾಸದಂತೆ ಚಮಚವನ್ನೂ ಇಟ್ಟಳು. ನಾನದನ್ನು ಪಕ್ಕಕ್ಕೆ ಸರಿಸಿದೆ. ಐದೂ ಬೆರಳುಗಳನ್ನು ಅನ್ನಕ್ಕೆ ಇಳಿಸಿ, ಸುಡುತ್ತಿದ್ದರೂ ತೆಗೆಯದೆ, ಬಹಳ ಹೊತ್ತು ಕಲೆಸುತ್ತ ಕುಳಿತೆ.